ಒಂದೇ ಹಾಳೆಯ ಎರಡು ಗಿಡ

ಒಣಗಿದ ಹೂವನ್ನು ನೀರಿನಲ್ಲಿ ಕುದಿಸಿದರೆ ಅದು ಮತ್ತೆ ಹೂವಿನಂತೆ ಕಾಣುತ್ತದೆ. ಅಮೆರಿಕದ ಆನ್ ಆರ್ಬರ್‌ನಲ್ಲಿ ನಾನು ಐದು ವರ್ಷ ಮಾಡಿದ ಕೆಲಸ ಮುಖ್ಯವಾಗಿ ಇದೇ. ಪುಟ್ಟ ಎಲೆಕ್ಟ್ರಿಕ್ ಒಲೆ, ಅದರ ಮೇಲೆ ಗಾಜಿನ ಬೀಕರು, ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು. ಎಷ್ಟೋ ವರ್ಷದ ಹಿಂದೆ ಯಾರೋ ಎಲ್ಲಿಂದಲೋ ಕಿತ್ತು, ಒತ್ತಿ, ಒಣಗಿಸಿ, ಹಾಳೆಗೆ ಕೂರಿಸಿದ ಗಿಡದಿಂದ ಒಂದೇ ಒಂದು ಹೂವನ್ನು ಚಿಮುಟದಲ್ಲಿ ಬಿಡಿಸಿ ಅದರಲ್ಲಿ ಹಾಕಬೇಕು. ಎರಡು ನಿಮಿಷಕ್ಕೆ ಹೂವು ಉಬ್ಬಿ ಮೆತ್ತಗಾಗುತ್ತದೆ. ಬಣ್ಣ ಮಾತ್ರ ವಾಪಸು ಬರುವುದಿಲ್ಲ, ಕಷಾಯದ ಬಣ್ಣವೇ. ಆಮೇಲೆ ಅದನ್ನು ಮೈಕ್ರೋಸ್ಕೋಪಿನ ಕೆಳಗೆ ಸೂಜಿಯಿಂದ ಹರಡಿ ಅಳೆಯಬೇಕು. ಮನೆಗೆ ಬಂದ ಮೈಸೂರಿನ ಹೆಂಗಸರು "ನೀವೇನು ಓದ್ತಿರೋದು?" ಎಂದು ಕೇಳಿದರೆ "ಹೂವು ಬೇಯಿಸ್ತೀನಿ" ಎನ್ನುತ್ತಿದ್ದೆ. ಅವರು ನಗುತ್ತಿದ್ದರು. ನಾನು ತಮಾಷೆ ಮಾಡಿರುತ್ತಿರಲಿಲ್ಲ.

ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಗಂಡನ ಹಿಂದೆ ಸೂಟ್‌ಕೇಸಿನ ಹಾಗೆ ಬಂದವಳು ನಾನು. ಅವರು ಡೆಟ್ರಾಯಿಟ್ ಹತ್ತಿರದ ಒಂದು ಕಾರ್ ಕಂಪನಿಯಲ್ಲಿ ಎಂಜಿನಿಯರ್. ಬಂದ ಮರುವರ್ಷ, ಕಿಟಕಿಯಲ್ಲಿ ಕೂತು ಹಿಮ ನೋಡಿ ನೋಡಿ ಸಾಕಾಗಿ, ಯೂನಿವರ್ಸಿಟಿಗೆ ಅಪ್ಲೈ ಮಾಡಿದೆ. ಮೈಸೂರಿನ ಕಾಲೇಜಿನಲ್ಲಿ ನನಗೆ ಬಾಟನಿ ಕಲಿಸಿದ್ದ ಮೇಷ್ಟ್ರು ಶಿಫಾರಸು ಪತ್ರ ಬರೆದು ಕಳಿಸಿದರು. ಅದರ ನಕಲು ನನಗೂ ಬಂತು. ಗಿಡಗಳನ್ನು ಬಹಳ ಎಚ್ಚರಿಕೆಯಿಂದ, ಪ್ರಾಮಾಣಿಕವಾಗಿ ಸಂಗ್ರಹಿಸುವ ಹುಡುಗಿ ಎಂದು ಅದರಲ್ಲಿ ಬರೆದಿದ್ದರು. ಓದಿ ಮಡಿಚಿಟ್ಟೆ. ಸೀಟು ಸಿಕ್ಕಿತು.

ನನ್ನ ಗೈಡ್ ಅಮೆರಿಕನ್. ಬಾಗಿಲಲ್ಲಿ ಬಗ್ಗಿ ಒಳಗೆ ಬರುವಷ್ಟು ಉದ್ದ, ಮಾತು ಕಡಿಮೆ. ಆತ ಕೊಟ್ಟ ವಿಷಯ ನೆಲದ ಮೇಲೆ ಬೆಳೆಯುವ ಆರ್ಕಿಡ್‌ಗಳದು. ನಮ್ಮ ಕಡೆ ಮರದ ಮೇಲೆ ಬೆಳೆಯುವುದಕ್ಕೆ ಸೀತಾಳೆ ಎನ್ನುತ್ತಾರೆ, ಜಾತ್ರೆಯಂತೆ ಹೂ ಬಿಡುತ್ತದೆ, ಎಲ್ಲರೂ ನೋಡುತ್ತಾರೆ. ನೆಲದ್ದು ಹಾಗಲ್ಲ. ಹುಲ್ಲಿನ ನಡುವೆ ಗೇಣುದ್ದ ದಂಟು, ಅದರ ತುದಿಯಲ್ಲಿ ಹಸಿರು ಮಿಶ್ರಿತ ಬಿಳಿ ಹೂವು, ಕೆಳಗೆ ಮಣ್ಣಿನಲ್ಲಿ ಗೆಡ್ಡೆ. ಮಳೆಗಾಲ ಮುಗಿದರೆ ಗಿಡ ಇತ್ತೆನ್ನುವ ಗುರುತೂ ಇರುವುದಿಲ್ಲ. ಇಂಥವಕ್ಕೆ ನೂರಿನ್ನೂರು ವರ್ಷದಿಂದ ಒಬ್ಬೊಬ್ಬರು ಒಂದೊಂದು ಹೆಸರಿಟ್ಟು ರಾಶಿ ಹಾಕಿದ್ದರು. ಅಂಗಾಂಗಗಳನ್ನು ಅಳೆದು, ಹೋಲಿಸಿ, ಯಾವುದು ಯಾವ ಗುಂಪಿಗೆ ಸೇರಬೇಕು, ಯಾವ ಹೆಸರು ಉಳಿಯಬೇಕು, ಯಾವುದು ಹೋಗಬೇಕು ಎಂದು ಹೊಸದಾಗಿ ವಿಂಗಡಿಸುವುದು ನನ್ನ ಕೆಲಸ. ಅಕ್ಕಿ ಆರಿಸುವುದು ಬಂದವರಿಗೆ ಇದೂ ಬರುತ್ತದೆ, ಆದರೆ ಅಕ್ಕಿ ಆರಿಸಿದರೆ ಅನ್ನವಾದರೂ ಆಗುತ್ತದೆ.

ಅಳೆಯಬೇಕಾದ ಲಕ್ಷಣಗಳ ಪಟ್ಟಿ ಗೋಡೆಯ ಮೇಲೆ ಅಂಟಿಸಿತ್ತು. ಹೂವಿನ ಕೆಳದಳಕ್ಕೆ ತುಟಿ ಎನ್ನುತ್ತಾರೆ. ಅದು ಸೀಳಿದೆಯೇ, ಇಡಿಯಾಗಿದೆಯೇ. ತುಟಿಯ ಹಿಂದೆ ಇಳಿಬಿದ್ದ ಮಕರಂದದ ಕೊಳವೆ ಎಷ್ಟು ಮಿಲಿಮೀಟರು. ಗೆಡ್ಡೆ ಉರುಟೋ, ಉದ್ದವೋ. ಎಲ್ಲಕ್ಕಿಂತ ಮೊದಲು, ಎಲೆ ಎಲ್ಲಿದೆ. ಕೆಲವಕ್ಕೆ ದಂಟಿನ ಉದ್ದಕ್ಕೂ ಎಲೆ. ಇನ್ನು ಕೆಲವಕ್ಕೆ ನೆಲಕ್ಕೆ ಅಂಟಿಕೊಂಡ ಎರಡೇ ಎಲೆ, ಹಪ್ಪಳ ಒಣಹಾಕಿದ ಹಾಗೆ. ಅಳೆದದ್ದೆಲ್ಲವನ್ನೂ ಅಂಕಿಗಳಾಗಿ ಬರೆದು, ಕಾರ್ಡುಗಳಲ್ಲಿ ತೂತು ಹೊಡೆಸಿ, ಕಂಪ್ಯೂಟರಿಗೆ ಕೊಡುತ್ತಿದ್ದೆವು. ಅದು ಎರಡು ದಿನ ಬಿಟ್ಟು ಕೊಂಬೆ ಕೊಂಬೆಯಾದ ಒಂದು ನಕ್ಷೆ ಕೊಡುತ್ತಿತ್ತು. ಹತ್ತಿರದವು ಒಂದೇ ಕೊಂಬೆಯಲ್ಲಿ, ದೂರದವು ಬೇರೆ ಬೇರೆ.

ಎಪ್ಪತ್ತನಾಲ್ಕರ ವಸಂತದಲ್ಲಿ ಬಂದ ನಕ್ಷೆಯಲ್ಲಿ ಒಂದು ಹೆಸರು ಯಾವ ಕೊಂಬೆಗೂ ಸೇರದೆ ನಡುವೆ ಒಂಟಿಯಾಗಿ ನಿಂತಿತ್ತು. ನನ್ನ ಮೇಷ್ಟ್ರು ಹೆಸರಿಟ್ಟ ಗಿಡ ಅದು. ಅವರು ಇಡೀ ಜೀವನದಲ್ಲಿ ಲೋಕಕ್ಕೆ ಹೊಸದೆಂದು ಹೇಳಿದ್ದು ಅದೊಂದೇ ಗಿಡ.

ಗೈಡ್ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಪೆನ್ಸಿಲ್ಲಿನಿಂದ ಆ ಹೆಸರಿನ ಸುತ್ತ ಗೆರೆ ಎಳೆದ. ಹೂವು ನೋಡಿದರೆ ದಂಟಿಗೆಲ್ಲ ಎಲೆಯಿರುವ ಗುಂಪಿನದು, ಎಲೆ ನೋಡಿದರೆ ಹಪ್ಪಳದೆಲೆಯ ಗುಂಪಿನದು, ಎರಡು ಗುಂಪುಗಳ ನಡುವಿನ ಸೇತುವೆ ಇದು, ಇದಕ್ಕೊಂದು ಹೊಸ ಗುಂಪೇ ಮಾಡಬೇಕು, ನಿನ್ನ ಥೀಸಿಸ್ಸಿನ ತಿರುಳೇ ಇದು ಎಂದ. ಆತ ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. "ಆದರೆ ನೀನು ಅಂಕಿಗಳನ್ನು ತಗೊಂಡಿರುವುದು ನಿನ್ನ ಮೇಷ್ಟ್ರು ಅಚ್ಚು ಹಾಕಿಸಿದ ವರ್ಣನೆಯಿಂದ. ಗಿಡವಿರುವ ಮೂಲ ಹಾಳೆ ಷಿಕಾಗೊ ಮ್ಯೂಸಿಯಮ್ಮಿನಲ್ಲಿದೆ. ಹೋಗಿ ಕಣ್ಣಾರೆ ನೋಡಿ ಬಾ" ಎಂದ.

ಸರಿ ಎಂದೆ. ನಾನು ಆ ಹಾಳೆಯನ್ನು ನೋಡುವ ಅಗತ್ಯವಿರಲಿಲ್ಲ. ಆ ಗಿಡ ಎಂದೂ ಇರಲಿಲ್ಲ ಎನ್ನುವುದು ಲೋಕದಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ಅದನ್ನು ಮಾಡಿದವಳು ನಾನು.

ಅರವತ್ತೊಂದರಲ್ಲಿ, ಬಿ.ಎಸ್ಸಿ. ಎರಡನೆಯ ವರ್ಷ, ಮೇಷ್ಟ್ರು ನಮ್ಮನ್ನು ಬಿಳಿಗಿರಿರಂಗನ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದರು. ಮಳೆ ಬಿಟ್ಟ ಸೆಪ್ಟೆಂಬರ್. ಎರಡನೆಯ ದಿನ ಸಂಜೆ ಅರಣ್ಯ ಇಲಾಖೆಯ ಬಂಗಲೆಗೆ ವಾಪಸು ಬರುತ್ತಿದ್ದಾಗ ಇಳಿಜಾರಿನ ಹುಲ್ಲಿನಲ್ಲಿ ಒಂದು ದಂಟು ಕಂಡಿತು. ಕತ್ತಲಾಗುತ್ತ ಬಂದಿತ್ತು. ಮೇಷ್ಟ್ರು ಬಗ್ಗಿ, ಕನ್ನಡಕ ಹಣೆಗೇರಿಸಿ, ಹೂವನ್ನು ಮಾತ್ರ ಒಂದು ನಿಮಿಷ ನೋಡಿದರು. "ಇದು ನೋಡಿದ ಹಾಗಿಲ್ಲವಲ್ಲಮ್ಮ. ಬುಡ ಸಮೇತ ಅಗೆದುಕೊಂಡು ಬಾ, ಗೆಡ್ಡೆ ಬಿಡಬೇಡ. ನಾನು ಇವರನ್ನ ಕರ್ಕೊಂಡು ಮುಂದೆ ಹೋಗಿರ್ತೀನಿ" ಎಂದು ಉಳಿದವರ ಜೊತೆ ನಡೆದರು. ಬಂಗಲೆ ಕಣ್ಣಳತೆಯಲ್ಲೇ ಇತ್ತು.

ನಾನು ಕೈಗುದ್ದಲಿ ಹಿಡಿದು ಕೂತೆ. ಅಷ್ಟರಲ್ಲಿ ಬಂಗಲೆಯ ಕಾವಲುಗಾರನ ಹೆಂಡತಿ ಜಗಲಿಯ ಮೇಲೆ ದೀಪ ಹಚ್ಚಿಟ್ಟಳು.

ದೀಪ ಹಚ್ಚಿದ ಮೇಲೆ ಗಿಡ ಮುಟ್ಟಬಾರದು. ಮಲಗಿರುತ್ತವೆ. ನಮ್ಮ ಅಜ್ಜಿ ಸಂಜೆಯ ಮೇಲೆ ಒಗ್ಗರಣೆಗೆ ಕರಿಬೇವು ಬೇಕೆಂದರೂ ಕೀಳಲು ಬಿಡುತ್ತಿರಲಿಲ್ಲ, ಇಲ್ಲದೆಯೇ ಒಗ್ಗರಣೆ ಹಾಕಿಸುತ್ತಿದ್ದರು. ಹಾಸ್ಟೆಲ್ಲಿನಲ್ಲಿ ಇದನ್ನೇ ಹೇಳಿ ನಾನು ಗೆಳತಿಯರನ್ನು ನಗಿಸಿದ್ದೆ. ಗಿಡಕ್ಕೆ ನಿದ್ದೆಯೆಲ್ಲಿಂದ ಬರಬೇಕು, ನಾನು ಬಾಟನಿ ಓದುವವಳು. ಆದರೆ ಆ ಹೊತ್ತಿನಲ್ಲಿ ಕೈ ಹೋಗಲಿಲ್ಲ. ಇದಕ್ಕಿಂತ ಚೆನ್ನಾಗಿ ಇದನ್ನು ಹೇಳಲು ನನಗೆ ಬರುವುದಿಲ್ಲ. ಗುದ್ದಲಿಯನ್ನು ಮಣ್ಣಿಗೆ ಊರಿದೆ, ತೆಗೆದೆ, ಮತ್ತೆ ಊರಿದೆ, ತೆಗೆದೆ. ಬೆಳಗ್ಗೆ ಬೇಗ ಎದ್ದು ಬಂದು ಕೀಳುತ್ತೇನೆ ಎಂದುಕೊಂಡು ಪಕ್ಕದ ಪೊದೆಗೆ ಕರ್ಚೀಫು ಕಟ್ಟಿ ಎದ್ದುಬಿಟ್ಟೆ. ಬಂಗಲೆಯಲ್ಲಿ ಮೇಷ್ಟ್ರು ಊಟಕ್ಕೆ ಕೂತಿದ್ದರು. "ಆಯ್ತೇನಮ್ಮ?" ಎಂದರು. "ಒತ್ತೋಕೆ ಪ್ರೆಸ್ಸಿಗೆ ಹಾಕಿದೀನಿ ಸಾರ್" ಎಂದೆ.

ಬೆಳಗ್ಗೆ ಯಾರೂ ಏಳುವ ಮೊದಲು ಹೋದೆ. ಕಾಡುಹಂದಿಗಳು ಬಂದು ಹೋಗಿದ್ದವು. ಇಳಿಜಾರನ್ನೆಲ್ಲ ನೇಗಿಲು ಹೊಡೆದ ಹಾಗೆ ಕೆದಕಿದ್ದವು. ಗೆಡ್ಡೆ ಇರಲಿಲ್ಲ, ದಂಟಿನ ಕೆಳಭಾಗ, ಎಲೆ ಎಲ್ಲ ಕೆಸರಿನಲ್ಲಿ ಅರೆದುಹೋಗಿತ್ತು. ಮೇಲಿನ ಅರ್ಧ, ಹೂವಿದ್ದ ಭಾಗ, ಒಂದು ಬದಿಗೆ ಬಿದ್ದಿತ್ತು. ಹೂಗಳಿಗೆ ಏನೂ ಆಗಿರಲಿಲ್ಲ. ಅಲ್ಲಿಂದ ಒಂದು ಮಾರು ದೂರದಲ್ಲಿ ಇನ್ನೊಂದು ಜಾತಿಯ ಆರ್ಕಿಡ್ ಇತ್ತು, ಹೂವು ಮುಗಿದು ದಂಟು ಒಣಗಿದ್ದು, ನೆಲಕ್ಕೆ ಅಂಟಿದ ಎರಡು ಉರುಟು ಎಲೆ. ಅದನ್ನು ಗೆಡ್ಡೆ ಸಮೇತ ಅಗೆದೆ. ದಂಟನ್ನು ಬುಡದ ಹತ್ತಿರ ಕತ್ತರಿಸಿದೆ. ಎರಡನ್ನೂ ತಂದು ಪ್ರೆಸ್ಸಿನ ವೃತ್ತಪತ್ರಿಕೆಯ ನಡುವೆ ಒಂದರ ತುದಿಗೆ ಒಂದು ಬರುವ ಹಾಗೆ ಜೋಡಿಸಿ ಬೆಲ್ಟು ಬಿಗಿದೆ. ಆಗ ನನಗೆ ಇದ್ದದ್ದು ಒಂದೇ ಯೋಚನೆ, ಬೈಸಿಕೊಳ್ಳಬಾರದು. ಕಾಲೇಜಿಗೆ ಬಂದ ಮೇಲೆ ಹಾಳೆಗೆ ಕೂರಿಸಿದವಳೂ ನಾನೇ. ಕೂಡಿದ ಜಾಗದ ಮೇಲೆ ಒಂದು ಕಾಗದದ ಪಟ್ಟಿಯಿಟ್ಟು ದಾರದಿಂದ ಹೊಲಿದೆ. ಗಿಡ ಅಲುಗದಿರಲೆಂದು ಎಲ್ಲರೂ ಹಾಗೆ ಪಟ್ಟಿ ಹೊಲಿಯುತ್ತಾರೆ, ಯಾರಿಗೂ ಅನುಮಾನ ಬರಲಿಲ್ಲ.

ಮೇಷ್ಟ್ರು ಆ ಹಾಳೆಯನ್ನು ಮುಂದಿಟ್ಟುಕೊಂಡು ಒಂದು ವರ್ಷ ಪುಸ್ತಕಗಳನ್ನು ತಿರುವಿ ಹಾಕಿದರು. ಇಂಥ ಹೂವಿಗೆ ಇಂಥ ಎಲೆ ಯಾವ ಪುಸ್ತಕದಲ್ಲೂ ಇರಲಿಲ್ಲ, ಇರುವುದಾದರೂ ಹೇಗೆ. ಲ್ಯಾಟಿನ್ ಬರೆಯಲು ಕಲಿತು ನಾಲ್ಕು ಸಾಲು ವರ್ಣನೆ ಬರೆದರು, ಬೆಟ್ಟದ ಹೆಸರನ್ನೇ ಗಿಡಕ್ಕಿಟ್ಟರು. ಅಚ್ಚಾದ ದಿನ ಇಡೀ ಕ್ಲಾಸಿಗೆ ಮೈಸೂರ್‌ಪಾಕು ಹಂಚಿದರು. ಕಾಲೇಜಿನ ಬೀರುವಿನಲ್ಲಿಟ್ಟರೆ ಹುಳ ತಿನ್ನುತ್ತದೆಂದು ಹಾಳೆಯನ್ನು ಷಿಕಾಗೊಗೆ ಕಳಿಸಿಕೊಟ್ಟರು. ನಾನು ಮೈಸೂರ್‌ಪಾಕು ತಿಂದೆ. ಹೇಳುವುದಿದ್ದರೆ ಆವತ್ತೇ ಹೇಳಬೇಕಿತ್ತು. ಹೇಳದೇ ಹೋದ ಮೇಲೆ ಮರುದಿನ ಅದು ಇನ್ನೂ ಕಷ್ಟವಾಯಿತು, ಮರುವರ್ಷ ಇನ್ನೂ. ಆಮೇಲೆ ಏನೂ ಅನ್ನಿಸುವುದೇ ನಿಂತುಹೋಯಿತು. ಕಾಲು ಜೋಮು ಹಿಡಿದಾಗ ಚಿವುಟಿದರೂ ತಿಳಿಯುವುದಿಲ್ಲವಲ್ಲ, ಹಾಗೆ.

ಆದರೆ ಮೇಷ್ಟ್ರು ಸುಮ್ಮನಾಗಲಿಲ್ಲ. ಪ್ರತಿ ಸೆಪ್ಟೆಂಬರ್ ಆ ಬೆಟ್ಟಕ್ಕೆ ಹೋಗಿ ಆ ಇಳಿಜಾರಿನಲ್ಲಿ ಹುಡುಕುತ್ತಿದ್ದರು. ನಾನು ಅಮೆರಿಕಕ್ಕೆ ಬಂದ ಮೇಲೆ ಪ್ರತಿ ಅಕ್ಟೋಬರಿನಲ್ಲಿ ಒಂದು ನೀಲಿ ಏರೋಗ್ರಾಮು ಬರುತ್ತಿತ್ತು. ಈ ಸಲವೂ ಹೋಗಿದ್ದೆ, ಮೂರು ದಿನ ಇದ್ದೆ, ಸಿಗಲಿಲ್ಲ ಎಂದಿರುತ್ತಿತ್ತು. ಒಂದು ವರ್ಷ ಜಾರಿ ಬಿದ್ದು ಮಂಡಿಗೆ ಪೆಟ್ಟು ಮಾಡಿಕೊಂಡೆ ಎಂದು ಬರೆದರು. ಮರುವರ್ಷ ಕೋಲು ಹಿಡಿದು ಹೋದೆ ಎಂದು ಬರೆದರು. ರಿಟೈರ್ ಆದ ಮೇಲೂ ಹೋದರು. ನಾನು ಉತ್ತರದಲ್ಲಿ ಇಲ್ಲಿಯ ಚಳಿಯ ವಿಷಯ ಬರೆಯುತ್ತಿದ್ದೆ. ಇಂದು ಹತ್ತು ಡಿಗ್ರಿ ಫ್ಯಾರನ್‌ಹೀಟ್, ಆರೋಗ್ಯ ನೋಡಿಕೊಳ್ಳಿ ಸಾರ್. ತಾವು ಕಂಡುಹಿಡಿದದ್ದು ನಿಜವೆಂದು ಇನ್ನೊಮ್ಮೆ ತೋರಿಸಲು ಹುಡುಕುತ್ತಿದ್ದಾರೆ, ಹೆಸರಿನ ಆಸೆ ಯಾರನ್ನು ಬಿಟ್ಟಿದೆ ಎಂದುಕೊಂಡಿದ್ದೆ. ಹಾಗೆ ಅಂದುಕೊಂಡರೆ ಸ್ವಲ್ಪ ಹಗುರಾಗುತ್ತಿತ್ತು.

ಷಿಕಾಗೊಗೆ ನಾನೇ ಡ್ರೈವ್ ಮಾಡಿಕೊಂಡು ಹೋದೆ. ಆ ಊರಿನ ಹೊರವಲಯದ ಗ್ಲೆಂಡೇಲ್ ಹೈಟ್ಸ್‌ನಲ್ಲಿ ಒಬ್ಬ ಗೆಳತಿಯ ಮನೆಯಲ್ಲಿ ಉಳಿದುಕೊಂಡೆ. ಅವಳು ಬಿಸಿಬೇಳೆಬಾತು ಮಾಡಿ, ಇಲ್ಲಿ ಸಿಗುವ ಮೆಣಸಿನಕಾಯಿಯನ್ನು ಬೈದು, ಮಗಳ ಸ್ಕೂಲಿನ ವಿಷಯ ಹೇಳಿದಳು. ಕೇಳಿಕೊಂಡೆ. ಮರುದಿನ ಮ್ಯೂಸಿಯಮ್ಮಿನವರು ಸಹಿ ಹಾಕಿಸಿಕೊಂಡು ಹಾಳೆಯನ್ನು ಕಿಟಕಿಯ ಪಕ್ಕದ ಮೇಜಿನ ಮೇಲೆ ತಂದಿಟ್ಟರು. ಪಟ್ಟಿ ಬಿಚ್ಚಲು, ಒಂದು ಹೂವು ತೆಗೆಯಲು ಗೈಡ್ ಮೊದಲೇ ಅನುಮತಿ ಕೇಳಿ ಬರೆದಿದ್ದ. ಲೇಬಲ್ಲಿನಲ್ಲಿ ಸಂಗ್ರಹಿಸಿದವರು ಎನ್ನುವಲ್ಲಿ ಮೇಷ್ಟ್ರ ಹೆಸರಿತ್ತು, ಮುಂದೆ "ಮತ್ತು ವಿದ್ಯಾರ್ಥಿಗಳು" ಎಂದು.

ಹೊಲಿಗೆ ನನ್ನದೇ. ಅಮ್ಮ ಕಲಿಸಿದ ಹಾಗೆ ಕೊನೆಯಲ್ಲಿ ಎರಡು ಗಂಟು ಹಾಕಿದ್ದೆ. ದಾರ ಕತ್ತರಿಸಿ ಪಟ್ಟಿ ಎತ್ತಿದೆ. ಮೇಲಿನ ದಂಟಿನ ತುದಿ ಜಜ್ಜಿಹೋಗಿ ಚಪ್ಪಟೆಯಾಗಿತ್ತು. ಕೆಳಗಿನದರ ತುದಿ ಬ್ಲೇಡಿನಲ್ಲಿ ಓರೆಯಾಗಿ ಕತ್ತರಿಸಿದ್ದು. ಎರಡರ ನಡುವೆ ಒಂದು ಅಕ್ಕಿಕಾಳು ಹಿಡಿಸುವಷ್ಟು ಜಾಗ. ಹೂವನ್ನು ಕುದಿಸಿ ಅಳೆದೆ. ಎಲ್ಲ ಲಕ್ಷಣಗಳೂ ದಂಟಿಗೆಲ್ಲ ಎಲೆಯಿರುವ ಒಂದು ಗಿಡಕ್ಕೆ ಹೊಂದಿದವು. ಅಪರೂಪದ್ದಲ್ಲ, ದಕ್ಷಿಣದ ಬೆಟ್ಟಗಳಲ್ಲಿ ಎಲ್ಲಿ ಹೋದರೂ ಸಿಗುವಂಥದು. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನನಗೆ ದುಃಖವಾಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಚೆನ್ನಾಗಿ ಹಸಿವಾಗಿತ್ತು, ಕೆಳಗಿಳಿದು ಚೀಸ್ ಸ್ಯಾಂಡ್‌ವಿಚ್ ತಿಂದೆ. ಹೀಗಿದ್ದೆ ನಾನು.

ವಾಪಸು ಬಂದು ಎರಡು ಗಿಡ ಒಂದು ಹಾಳೆಯಲ್ಲಿ ಸೇರಿಹೋಗಿವೆ ಎಂದು ಗೈಡಿಗೆ ಹೇಳಿದೆ. ಆತ ಆ ಹೆಸರಿನ ಸುತ್ತ ಎಳೆದಿದ್ದ ಪೆನ್ಸಿಲ್ ಗೆರೆಯನ್ನು ಅಳಿಸಿದ. ಆಮೇಲೆ "ಗುಡ್ ಕ್ಯಾಚ್" ಎಂದು ಬೆನ್ನು ತಟ್ಟಿದ. ಹೀಗೆಲ್ಲ ಆಗುತ್ತಿರುತ್ತದೆ, ಯಾರೋ ವಿದ್ಯಾರ್ಥಿ ಒತ್ತುವಾಗ ಬೆರೆಸಿರಬೇಕು, ಆ ಹೆಸರನ್ನು ತೆಗೆದು ಸಾಮಾನ್ಯ ಗಿಡದ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಸೇರಿಸು, ಕಾರಣ ಒಂದು ಸಾಲು ಬರಿ ಎಂದ. ನನ್ನ ಮೋಸವನ್ನು ನಾನೇ ಹಿಡಿದದ್ದಕ್ಕೆ ನನಗೇ ಶಹಬ್ಬಾಸ್‌ಗಿರಿ. ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ.

ಜುಲೈನಲ್ಲಿ ಮೇಷ್ಟ್ರ ಮಗಳು ಫೋನ್ ಮಾಡಿದಳು. ಅವಳ ಗಂಡನೂ ಎಂಜಿನಿಯರ್, ನಮ್ಮೂರಿಗೆ ಹತ್ತಿರದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಹೊಸ ಮನೆ ತೆಗೆದುಕೊಂಡಿದ್ದರು. "ಅಪ್ಪ ಬಂದಿದಾರೆ ಕಣ್ರೀ. ಬಂದಾಗಿನಿಂದ ನಿಮ್ಮನ್ನೇ ಕೇಳ್ತಿದಾರೆ. ಭಾನುವಾರ ಊಟಕ್ಕೆ ಬನ್ನಿ" ಎಂದಳು.

ಮನೆಯಲ್ಲಿ ಗಂಡನಿಗೆ ಮೊದಲ ಸಲ ಎಲ್ಲ ಹೇಳಿದೆ. ಅವರು ಟೀವಿಯ ಶಬ್ದ ಕಡಿಮೆ ಮಾಡಿ ಕೇಳಿದರು. "ಮಿಕ್ಸ್ ಆಗಿದೆ ಅಂತ ಬರಿ, ಸಾಕು. ಹೆಂಗಾಯ್ತು ಅಂತ ಯಾರು ಕೇಳ್ತಾರೆ? ವಯಸ್ಸಾದವರು, ಯಾಕೆ ನೋಯಿಸ್ತೀಯ?" ಎಂದರು. ಅವರು ಹೇಳಿದ್ದು ತಪ್ಪೇನಲ್ಲ. ಆದರೆ ಹೆಸರು ಹೋಯಿತೆಂದು ಮಾತ್ರ ಹೇಳಿದರೆ ಮೇಷ್ಟ್ರು ಒಪ್ಪುವವರಲ್ಲ. ಗಿಡ ತಂದು ತೋರಿಸುತ್ತೇನೆಂದು ಮತ್ತೆ ಬೆಟ್ಟ ಹತ್ತುತ್ತಾರೆ. ಅಷ್ಟು ನನಗೆ ಗೊತ್ತಿತ್ತು.

ಭಾನುವಾರ ಒಬ್ಬಳೇ ಹೋದೆ. ಮೇಷ್ಟ್ರು ಜುಲೈ ತಿಂಗಳಿನಲ್ಲಿ ಸ್ವೆಟರ್ ಹಾಕಿಕೊಂಡು ಬಾಗಿಲು ತೆರೆದರು, ಮನೆಯೊಳಗಿನ ಏಸಿ ಅವರಿಗೆ ಆಗುತ್ತಿರಲಿಲ್ಲ. ಸಣ್ಣಗಾಗಿದ್ದರು. "ಬಾರಮ್ಮ ಬಾ. ಇದೆಂಥ ಊರು ನೀವು ಬಂದು ಸೇರ್ಕೊಂಡಿರೋದು, ನಡೆಯೋಕೆ ಒಂದು ಫುಟ್‌ಪಾತಿಲ್ಲ" ಎಂದರು. ಊಟಕ್ಕೆ ಹುಳಿ, ಕೋಸಂಬರಿ, ಶಾವಿಗೆ ಪಾಯಸ. ಆರು ವರ್ಷದ ಮೊಮ್ಮಗಳನ್ನು "ಆಂಟಿಗೆ ಪಾಯಸ ಬೇಕಾ ಕೇಳು ಪುಟ್ಟಿ" ಎಂದರು, ಅವಳು "ಡೂ ಯು ವಾಂಟ್ ಮೋರ್?" ಎಂದಳು. ಮೇಷ್ಟ್ರು ನಕ್ಕರು. ಊಟವಾದ ಮೇಲೆ ಹಿತ್ತಲಿನ ಹುಲ್ಲಿನ ಮೇಲೆ ಮಡಿಚುವ ಕುರ್ಚಿಗಳನ್ನು ಹಾಕಿಕೊಂಡು ನಾವಿಬ್ಬರೇ ಕೂತೆವು.

"ಆಗಸ್ಟ್ ಕೊನೆಗೆ ಹೊರಟುಬಿಡ್ತೀನಿ" ಎಂದರು. "ಇವಳು ಡಿಸೆಂಬರ್‌ವರೆಗೂ ಇರಿ ಅಂತಾಳೆ. ಸೆಪ್ಟೆಂಬರಿಗೆ ನಾನು ಬೆಟ್ಟದಲ್ಲಿರಬೇಕು. ಮಂಡಿ ಏನೋ ಹೇಳುತ್ತೆ, ಹೇಳ್ಕೊಳ್ಲಿ."

"ಈ ವರ್ಷ ಹೋಗಬೇಡಿ ಸಾರ್."

"ಯಾಕಮ್ಮ?"

"ಆ ಗಿಡ ಸಿಗಲ್ಲ."

"ಸಿಗಲ್ಲ ಅಂತ ನೀನು ಹೇಗೆ ಹೇಳ್ತೀಯ? ಇನ್ನೂ ಪಶ್ಚಿಮದ ಕಡೆ ಇಳಿಜಾರು ಪೂರ್ತಿ ನೋಡಿಲ್ಲ ನಾನು."

"ಅಂಥ ಗಿಡ ಇರಲೇ ಇಲ್ಲ ಸಾರ್" ಎಂದೆ. ಹೇಳಿದೆ. ಸಂಜೆ, ದೀಪ, ಕರ್ಚೀಫು, ಹಂದಿ, ಎರಡೆಲೆಯ ಗಿಡ, ಕಾಗದದ ಪಟ್ಟಿ, ಷಿಕಾಗೊ. ಪಾಠ ಒಪ್ಪಿಸುವ ಹಾಗೆ ಒಂದಾದ ಮೇಲೆ ಒಂದು ಹೇಳಿದೆ. ನನ್ನ ದನಿ ನನಗೇ ಬೇರೆಯವರದ್ದೆನಿಸುತ್ತಿತ್ತು.

ಮುಗಿದ ಮೇಲೆ ಅವರು ವೈವಾದಲ್ಲಿ ಕೇಳುವ ಹಾಗೆ ಕೇಳತೊಡಗಿದರು.

"ಆ ಇನ್ನೊಂದು ಗಿಡ ಎಷ್ಟು ದೂರದಲ್ಲಿತ್ತು?"

"ಒಂದು ಮಾರು ಸಾರ್."

"ಹೂವು ಮುಗಿದಿತ್ತು ಅಂದೆ. ಕಾಯಿ ಕಟ್ಟಿತ್ತಾ?"

"ಕಟ್ಟಿತ್ತು."

"ಪಟ್ಟಿ ನೀನೇ ಹೊಲಿದದ್ದಾ?"

"ಹೌದು."

"ನಾನು ಬಿಚ್ಚಿ ನೋಡಬೇಕಿತ್ತು" ಎಂದರು. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಬೇರೆ ಯಾರು ಒತ್ತಿದ್ದರೂ ಬಿಚ್ಚಿ ನೋಡ್ತಿದ್ದೆ" ಎಂದರು. ಮತ್ತೆ ಕೇಳಿದರು, "ದೀಪ ಹಚ್ಚಿದ್ರು ಅಂತ ಕೀಳಲಿಲ್ಲ ಅಂದೆಯಲ್ಲ. ನಮ್ಮ ಮನೇಲೂ ಹಾಗೇ. ನಮ್ಮಮ್ಮ ತುಳಸಿ ಕಡೆ ಕೈ ಚಾಚೋಕೂ ಬಿಡ್ತಿರಲಿಲ್ಲ. ಅದನ್ನ ಅವತ್ತು ನನಗೆ ಹೇಳೋದಕ್ಕೇನಾಗಿತ್ತು? ಸರಿ, ಬೆಳಗ್ಗೆ ಕೀಳೋಣ ಅಂತಿದ್ದೆ. ನಾನೂ ಬರ್ತಿದ್ದೆ."

ಬೈಗುಳಕ್ಕೆ ಹೆದರಿ ಹದಿಮೂರು ವರ್ಷ ಮುಚ್ಚಿಟ್ಟವಳು ನಾನು. ಬೈಗುಳವೇ ಇರಲಿಲ್ಲ.

ಪಕ್ಕದ ಮನೆಯವರು ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದರು, ಅದು ನಿಂತಿತು. ಮೇಷ್ಟ್ರು ಕನ್ನಡಕ ತೆಗೆದು ಸ್ವೆಟರಿನ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡರು. "ಹಾಗಾದ್ರೆ ನಾವು ಅದನ್ನ ಕೊಂದಿಲ್ಲ" ಎಂದರು.

ನನಗೆ ಅರ್ಥವಾಗಲಿಲ್ಲ.

"ಒಂದೇ ಇತ್ತಲ್ಲಮ್ಮ. ಆ ಬೆಟ್ಟದಲ್ಲಿ ಉಳಿದಿದ್ದ ಕೊನೇದು ಅದೇ ಇರಬಹುದು, ಅದನ್ನೂ ಬುಡ ಸಮೇತ ಅಗಿ ಅಂತ ನಾನೇ ಹೇಳಿದೆ, ಗೆಡ್ಡೆ ಕೂಡ ಬಿಡಬೇಡ ಅಂತ. ಪ್ರತಿ ವರ್ಷ ಹೋಗ್ತಿದ್ದೆ, ಇನ್ನೊಂದು ಕಂಡುಬಿಟ್ರೆ ಸಾಕು, ಮುಟ್ಟಲ್ಲ, ನೋಡಿ ಬರ್ತೀನಿ ಅಂತ. ಹೆಸರಿಟ್ಟವನೇ ನಿರ್ನಾಮ ಮಾಡಿದ ಅಂತ ಆಗಬಾರದು ಅಂತ." ಅಂಗೈಯಿಂದ ಮಂಡಿ ಸವರಿಕೊಂಡರು. "ಸದ್ಯ. ಕೊಂದಿಲ್ಲ."

ಹೆಸರಿನ ಆಸೆ ಎಂದುಕೊಂಡಿದ್ದೆನಲ್ಲ ನಾನು. ಆ ಮನುಷ್ಯ ಹನ್ನೆರಡು ಮಳೆಗಾಲ ಮಾಡದ ಕೊಲೆಗೆ ಪ್ರಾಯಶ್ಚಿತ್ತವೆಂದು ಬೆಟ್ಟ ಹತ್ತಿದ್ದರು. ಮಂಡಿಗೆ ಪೆಟ್ಟು ಮಾಡಿಕೊಂಡಿದ್ದರು. ನಾನು ಫ್ಯಾರನ್‌ಹೀಟ್ ಬರೆದು ಕಳಿಸಿದ್ದೆ. ಕುರ್ಚಿಯ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. "ತಪ್ಪಾಯ್ತು ಸಾರ್" ಎಂದೆ. ಅದು ಅವರಿಗೆ ಕೇಳಿಸಿತೋ ಇಲ್ಲವೋ.

"ಥೀಸಿಸ್‌ನಲ್ಲಿ ಏನು ಬರೀತೀಯ?" ಎಂದರು.

"ನಡೆದದ್ದನ್ನೇ ಬರೀತೀನಿ."

"ಬೇಡ. ಎರಡು ಗಿಡ ಬೆರೆತಿವೆ, ಲೇಖಕ ಹಾಳೆಯನ್ನ ಸರಿಯಾಗಿ ಪರೀಕ್ಷಿಸಲಿಲ್ಲ ಅಂತ ಬರಿ. ಅದೂ ನಿಜವೇ. ಒತ್ತಿದವರು ಯಾರು ಅನ್ನೋದು ಬೇಕಾಗಿಲ್ಲ. ಇನ್ನೂ ಕೆಲಸ ಸಿಗಬೇಕು ನಿನಗೆ."

ನಾನು ಬೇಡವೆನ್ನಲಿಲ್ಲ. ಮರುವರ್ಷ ಥೀಸಿಸ್ ಅಚ್ಚಾಯಿತು, ಆ ಸಾಲು ಅವರು ಹೇಳಿದ ಹಾಗೆಯೇ ಅದರಲ್ಲಿದೆ. ನನಗೆ ಕೆಲಸವೂ ಸಿಕ್ಕಿತು. ಈ ಗುಂಪಿನ ಗಿಡಗಳ ಮೇಲೆ ಆಮೇಲೆ ಬರೆದವರೆಲ್ಲ ಆ ಸಾಲನ್ನು ಎತ್ತಿ ಬರೆದಿದ್ದಾರೆ, ಪರೀಕ್ಷಿಸದ ಲೇಖಕನ ತಪ್ಪು ಎಂದು. ಅದನ್ನು ನಾನು ಓದಿದ ಪ್ರತಿ ಸಲವೂ ತಿದ್ದಬಹುದಿತ್ತು.

ಹೊರಡುವ ಹೊತ್ತಿಗೆ ಮಗಳು ಕುಂಕುಮ ಕೊಟ್ಟಳು, ಡಬ್ಬಿಯಲ್ಲಿ ಹುಳಿ ಹಾಕಿಕೊಟ್ಟಳು. ಮೇಷ್ಟ್ರಿಗೆ ನಮಸ್ಕಾರ ಮಾಡಿದೆ. ಅವರು ತಲೆಯ ಮೇಲೆ ಕೈಯಿಟ್ಟರು, ಎಂದಿನಂತೆ. ಬಾಗಿಲಿನವರೆಗೆ ಬಂದು, ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತ, ಸಿಟ್ಟೇನೂ ಇಲ್ಲದ ಮುಖದಲ್ಲಿ ಹೇಳಿದರು.

"ಹೋಗಿ ಬನ್ನಿ. ನಿಧಾನವಾಗಿ ಡ್ರೈವ್ ಮಾಡಿ."

ಹದಿನೇಳು ವರ್ಷದ ಹುಡುಗಿಯಾಗಿ ಅವರ ಕ್ಲಾಸಿಗೆ ಸೇರಿದ ದಿನದಿಂದ ಅವರು ನನ್ನನ್ನು ಬಹುವಚನದಲ್ಲಿ ಮಾತಾಡಿಸಿದವರಲ್ಲ. ನನ್ನ ಜೊತೆ ಇನ್ನು ಯಾರಾದರೂ ಹೊರಟು ನಿಂತಿದ್ದಾರೆಯೇ ಎಂದು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ.